ಬಸುರಿಯ ಮೊದಲ ಮೂರು ತಿಂಗಳು: ಬೆಳಗಿನ ಸಂಕಟಕ್ಕೆ

ಎಚ್ಚರವಾದ ಕೂಡಲೇ ಏಳಬೇಡಿ. ರಾತ್ರಿಯೇ ಮಂಚದ ಪಕ್ಕ ಸಣ್ಣ ಸ್ಟೀಲ್ ಡಬ್ಬಿಯಲ್ಲಿ ಕಡಲೆಪುರಿ ಇಲ್ಲವೇ ಎರಡು ರಸ್ಕ್ ಇಟ್ಟಿರಿ. ದಿಂಬಿಗೆ ಒರಗಿ ಕೂತು ನಿಧಾನವಾಗಿ ಅಗಿದು ತಿಂದು, 15–20 ನಿಮಿಷ ಬಿಟ್ಟು ಏಳಿ. ಹೊಟ್ಟೆ ಖಾಲಿ ಇದ್ದಷ್ಟೂ ಸಂಕಟ ಜಾಸ್ತಿ, ಹಾಗಾಗಿ ಎದ್ದ ತಕ್ಷಣದ ಫಿಲ್ಟರ್ ಕಾಫಿ ಸದ್ಯಕ್ಕೆ ಬೇಡವೇ ಬೇಡ. ಆಮೇಲೂ ಎರಡು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ತಿನ್ನಿ. ನೀರನ್ನು ಊಟದ ಜೊತೆ ಗಟಗಟ ಕುಡಿಯದೆ ನಡುನಡುವೆ ಗುಟುಕರಿಸಿ.

ನಮ್ಮ ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಅಡುಗೆಮನೆ ಹಾಲಿಗೇ ತೆರೆದಿರುತ್ತೆ, ಇಂಗು-ಬೆಳ್ಳುಳ್ಳಿ ಒಗ್ಗರಣೆ ಘಾಟು ರೂಮಿನವರೆಗೂ ಬರುತ್ತೆ. ಮನೆಯವರೇ, ಎಕ್ಸಾಸ್ಟ್ ಫ್ಯಾನ್ ಹಾಕಿ, ಕಿಟಕಿ ತೆಗೆದು, ಆಮೇಲೆ ಎಣ್ಣೆ ಕಾಯಿಸಿ. ಬಿಸಿ ಸಾರಿಗಿಂತ ತಣ್ಣಗಾದ ಮೊಸರನ್ನಕ್ಕೆ ವಾಸನೆ ಕಡಿಮೆ, ಹೊಟ್ಟೆಯಲ್ಲೂ ನಿಲ್ಲುತ್ತೆ.

ವಾಂತಿ ಅಂತ ಫೋಲಿಕ್ ಆಸಿಡ್ ಮಾತ್ರೆ ಬಿಡಬೇಡಿ. ಮಗುವಿನ ಬೆನ್ನುಹುರಿ ಈ ವಾರಗಳಲ್ಲೇ ರೂಪುಗೊಳ್ಳೋದು. ಬೆಳಗ್ಗೆ ಆಗದಿದ್ದರೆ ರಾತ್ರಿ ಊಟದ ನಂತರ ತಗೊಳ್ಳಿ. ತಾಯಿ ಕಾರ್ಡ್ (ಗರ್ಭಿಣಿಯರಿಗೆ ಸರ್ಕಾರ ಕೊಡುವ ಆರೋಗ್ಯ ಕಾರ್ಡ್) 12 ವಾರದೊಳಗೇ ಮಾಡಿಸಿಕೊಳ್ಳಿ.

ಇಡೀ ದಿನ ನೀರೂ ನಿಲ್ಲದಿದ್ದರೆ, ಮೂತ್ರ ಕಡುಹಳದಿಯಾದರೆ, ರಕ್ತ ಕಂಡರೆ ಮನೆಮದ್ದು ಬಿಟ್ಟು ಅವತ್ತೇ ಡಾಕ್ಟರ್ ಹತ್ತಿರ ಹೋಗಿ.