ಮನೆಯವರನ್ನು ಪೊಲೀಸರು ಕರೆದೊಯ್ದರೆ: ಮೊದಲ 24 ಗಂಟೆಯ ಕೆಲಸ

‘ಸ್ವಲ್ಪ ವಿಚಾರಣೆ ಇದೆ, ಸ್ಟೇಷನ್‌ಗೆ ಬಂದು ಹೋಗಿ’ ಎಂದು ಕರೆದೊಯ್ದವರು ರಾತ್ರಿಯಾದರೂ ವಾಪಸ್ ಬರದಿದ್ದರೆ ಮನೆಯವರು ಸಾಮಾನ್ಯವಾಗಿ ಮೊದಲು ಹುಡುಕುವುದು ಫೋನ್ ಮಾಡಿ ಹೇಳಿಸಬಲ್ಲ ಒಬ್ಬ ಮುಖಂಡನನ್ನು. ಅದಕ್ಕೂ ಮುಂಚೆ ಪೆನ್ನು ಹುಡುಕಿ. ಕರೆದೊಯ್ದ ಗಂಟೆ ಎಷ್ಟು ಎಂಬುದನ್ನು ಬರೆದಿಡಿ, ಮುಂದಿನ ಎಲ್ಲ ಕೆಲಸವೂ ಅದರ ಮೇಲೆ ನಿಂತಿದೆ.

ಸಂವಿಧಾನದ 22(2)ನೇ ವಿಧಿಯ ಪ್ರಕಾರ ಬಂಧಿತರನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಲೇಬೇಕು. ಈ ಲೆಕ್ಕದಿಂದ ಬಿಡುವುದು ಠಾಣೆಯಿಂದ ಕೋರ್ಟಿನವರೆಗಿನ ಪ್ರಯಾಣದ ಹೊತ್ತನ್ನು ಮಾತ್ರ. ಭಾನುವಾರ, ಹಬ್ಬದ ರಜೆ ಎಲ್ಲವೂ ಲೆಕ್ಕಕ್ಕೆ ಬರುತ್ತವೆ. ರಜಾ ದಿನ ಮ್ಯಾಜಿಸ್ಟ್ರೇಟರ ಮನೆಗೇ ಕರೆದೊಯ್ದು ಹಾಜರುಪಡಿಸುತ್ತಾರೆ. ಗೂಂಡಾ ಕಾಯ್ದೆಯಂಥ ಮುಂಜಾಗ್ರತಾ ಬಂಧನಕ್ಕೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ.

ನಿಯಮ ತಪ್ಪುವ ರೀತಿ ಬಹುತೇಕ ಒಂದೇ. ಸೋಮವಾರ ಸಂಜೆ ಕರೆತಂದವರನ್ನು ‘ವಿಚಾರಣೆಗೆ’ ಎಂದು ಕೂರಿಸಿಕೊಂಡು, ಬುಧವಾರ ಬೆಳಿಗ್ಗೆ ಬಸ್ ಸ್ಟ್ಯಾಂಡಿನ ಹತ್ತಿರ ಸಿಕ್ಕರೆಂದು ದಸ್ತಗಿರಿ ತೋರಿಸುವುದು. ಕಾಗದದ ಮೇಲೆ 24 ಗಂಟೆ ಮೀರಿರುವುದೇ ಇಲ್ಲ. ಆ ಕಾಗದಕ್ಕೆ ಎದುರಾಗಿ ನಿಮ್ಮ ಕೈಯಲ್ಲೂ ಒಂದು ಕಾಗದ ಇರಬೇಕು.

ಬಂದವರು ಎಷ್ಟು ಜನ, ಸಮವಸ್ತ್ರದಲ್ಲಿದ್ದರೇ ಮಫ್ತಿಯಲ್ಲಿದ್ದರೇ, ಎದೆಯ ಮೇಲಿನ ನಾಮಫಲಕದಲ್ಲಿ ಏನಿತ್ತು, ವಾಹನದ ನಂಬರ್ ಯಾವುದು, ಯಾವ ಠಾಣೆ ಎಂದರು, ಅಕ್ಕಪಕ್ಕದ ಯಾರು ನೋಡಿದರು, ಇಷ್ಟನ್ನೂ ಬರೆಯಿರಿ. ಎದುರಿನ ಅಂಗಡಿಯ ಕ್ಯಾಮೆರಾದಲ್ಲಿ ದೃಶ್ಯ ಬಿದ್ದಿದ್ದರೆ ಅಂದೇ ಮೊಬೈಲಿನಲ್ಲಿ ಹಿಡಿದಿಟ್ಟುಕೊಳ್ಳಿ. ಹಳೆಯ ರೆಕಾರ್ಡಿಂಗ್ ಮೇಲೆ ಹೊಸದು ಬೀಳಲು ಹೆಚ್ಚು ದಿನ ಬೇಕಿಲ್ಲ. ಆಮೇಲೆ ಎಸ್‌ಪಿ ಅಥವಾ ಪೊಲೀಸ್ ಕಮಿಷನರ್ ಕಚೇರಿಗೆ ನಾಲ್ಕು ಸಾಲಿನ ಇಮೇಲ್ ಕಳಿಸಿ: ಇಂಥವರನ್ನು ಇಷ್ಟು ಗಂಟೆಗೆ ಇಲ್ಲಿಂದ ಕರೆದೊಯ್ದಿದ್ದಾರೆ, ಎಲ್ಲಿದ್ದಾರೆ ತಿಳಿಸಿ. ಅದರಲ್ಲಿ ಆರೋಪ ಮಾಡಬೇಡಿ, ಕಾನೂನಿನ ಉಪದೇಶವೂ ಬೇಡ. ಇಮೇಲ್ ಮೇಲೆ ಬೀಳುವ ಸಮಯವೇ ನಿಮಗೆ ಬೇಕಾದ ಸಾಕ್ಷಿ.

ಕರೆದದ್ದು ನೋಟಿಸ್ ಮೇಲೋ ಬಂಧಿಸಿದ್ದೋ ಎಂಬುದನ್ನು ಕೇಳಿ ತಿಳಿಯಿರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ, ಬಂಧನ ಮತ್ತು ತನಿಖೆಯ ಕ್ರಮ ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 35(3)ರಲ್ಲಿ ಆರೋಪಿಗೆ, ಕಲಂ 179ರಲ್ಲಿ ಸಾಕ್ಷಿಗೆ ಲಿಖಿತ ನೋಟಿಸ್ ಕೊಟ್ಟು ಕರೆಯುವ ಕ್ರಮವಿದೆ. ಹೆಂಗಸರನ್ನು, 15 ವರ್ಷದೊಳಗಿನ ಹುಡುಗರನ್ನು, 60 ದಾಟಿದವರನ್ನು ಸಾಕ್ಷಿಯಾಗಿ ವಿಚಾರಿಸಬೇಕಾದರೆ ಪೊಲೀಸರೇ ಮನೆಗೆ ಬರಬೇಕು. 7 ವರ್ಷದವರೆಗೆ ಶಿಕ್ಷೆ ಇರುವ ಅಪರಾಧದಲ್ಲಿ ಬಂಧನ ಯಾಕೆ ಅಗತ್ಯ ಎಂಬುದನ್ನು ಪೊಲೀಸರು ಬರಹದಲ್ಲಿ ದಾಖಲಿಸಬೇಕು. ಸುಪ್ರೀಂ ಕೋರ್ಟಿನ 2014ರ ಅರ್ನೇಶ್ ಕುಮಾರ್ ತೀರ್ಪು ಇದನ್ನು ಬಿಗಿ ಮಾಡಿತು. ಹೆಂಗಸರನ್ನು ಸೂರ್ಯ ಮುಳುಗಿದ ಮೇಲೆ ಬಂಧಿಸುವಂತಿಲ್ಲ. ತೀರಾ ಅನಿವಾರ್ಯವಾದರೆ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಬಂಧಿಸಬೇಕು.

ಬಂಧನವಾಗಿದ್ದರೆ ಠಾಣೆಯಲ್ಲಿ ಕೇಳಬೇಕಾದದ್ದು ಮೂರು: ಎಫ್‌ಐಆರ್ ಸಂಖ್ಯೆ, ದಸ್ತಗಿರಿ ಮೆಮೊ, ಬಂಧನದ ಕಾರಣಗಳಿರುವ ಪತ್ರ. ಮೆಮೊ ಎಂದರೆ ಬಂಧಿಸಿದ ತಾರೀಖು, ಗಂಟೆ ಬರೆದ ಪತ್ರ; ಸುಪ್ರೀಂ ಕೋರ್ಟಿನ 1996ರ ಡಿ.ಕೆ. ಬಸು ತೀರ್ಪಿನಲ್ಲಿ ಬಂದದ್ದು, ಈಗ ಅದೇ ಸಂಹಿತೆಯ ಕಲಂ 36ರಲ್ಲಿದೆ. ಅದಕ್ಕೆ ಮನೆಯವರೋ ಊರಿನ ಗಣ್ಯರೋ ಸಾಕ್ಷಿ ಸಹಿ ಹಾಕಬೇಕು, ಬಂಧಿತರೂ ಸಹಿ ಹಾಕಬೇಕು. ಅನೇಕರು ಎಡವುವುದು ಇಲ್ಲಿಯೇ. ಗಾಬರಿಯಲ್ಲಿ ತೋರಿಸಿದ ಕಡೆ ಸಹಿ ಹಾಕಿ, ಠಾಣೆಯವರು ಬರೆದ ಸುಳ್ಳು ಸಮಯವನ್ನು ತಾವೇ ಒಪ್ಪಿಕೊಂಡಂತೆ ಮಾಡಿಕೊಳ್ಳುತ್ತಾರೆ. ತಾರೀಖು, ಗಂಟೆ ಓದಿ. ತಪ್ಪಿದ್ದರೆ ಸಹಿಯ ಪಕ್ಕದಲ್ಲೇ ‘ನಿನ್ನೆ ಸಂಜೆ 6ಕ್ಕೆ ಮನೆಯಿಂದ ಕರೆದೊಯ್ದಿದ್ದಾರೆ’ ಎಂದು ಬರೆದು ಸಹಿ ಮಾಡಿ. ಬಿಳಿ ಹಾಳೆಗೆ ಯಾವ ಕಾರಣಕ್ಕೂ ಸಹಿ ಬೇಡ.

ಬಂಧನದ ಕಾರಣವನ್ನು ಬಾಯಲ್ಲಿ ಹೇಳಿದರೆ ಸಾಲದು. ಬಂಧಿತರಿಗೆ ತಿಳಿಯುವ ಭಾಷೆಯಲ್ಲಿ ಬರೆದು ಕೊಡಬೇಕು, ತಕ್ಷಣ ಆಗದಿದ್ದರೆ ರಿಮ್ಯಾಂಡಿಗೆ (ಕಸ್ಟಡಿ ಮುಂದುವರಿಸುವ ಆದೇಶಕ್ಕೆ) ಹಾಜರುಪಡಿಸುವ ಕನಿಷ್ಠ 2 ಗಂಟೆ ಮೊದಲಾದರೂ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಹೇಳಿದೆ. ಒಡಿಶಾದಿಂದ ಕೂಲಿಗೆ ಬಂದವರ ಕೈಗೆ ಕನ್ನಡದ ಹಾಳೆ ಕೊಟ್ಟರೆ ಕೊಟ್ಟಂತಾಗುವುದಿಲ್ಲ.

‘ನಮ್ಮಲ್ಲಿ ಅಂಥವರು ಯಾರೂ ಇಲ್ಲ’ ಎಂದರೆ ವಾದಕ್ಕೆ ನಿಲ್ಲಬೇಡಿ. ಜಿಲ್ಲಾ ಕಂಟ್ರೋಲ್ ರೂಮಿನಲ್ಲಿ ವಿಚಾರಿಸಿ. ಬಂಧಿತರ ಹೆಸರು, ವಿಳಾಸ, ಆರೋಪಿಸಿದ ಅಪರಾಧ ಯಾವುದು ಎಂಬುದು ಪ್ರತಿ ಠಾಣೆಯಲ್ಲೂ ಜಿಲ್ಲಾ ಕೇಂದ್ರದಲ್ಲೂ ಪ್ರಕಟವಾಗಬೇಕು (ಕಲಂ 37). ಅಲ್ಲೂ ಇಲ್ಲವೆಂದರೆ ಹಾಗೆ ಹೇಳಿದವರ ಹುದ್ದೆ, ಹೇಳಿದ ಗಂಟೆ ಬರೆದುಕೊಂಡು ಎರಡನೇ ಇಮೇಲ್ ಕಳಿಸಿ. ಎರಡು ದಿನದ ನಂತರ ಅದೇ ಠಾಣೆ ಅದೇ ವ್ಯಕ್ತಿಯನ್ನು ಹಾಜರುಪಡಿಸಿದರೆ ಈ ಎರಡು ಇಮೇಲ್‌ಗಳು ವಕೀಲರಿಗೆ ಬೇಕಾಗುತ್ತವೆ.

ವಕೀಲರಿಗೆ ದುಡ್ಡಿಲ್ಲವೆಂದು ಸುಮ್ಮನಿರಬೇಡಿ. ಉಚಿತ ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಿ, ಇಲ್ಲವೇ ಕೋರ್ಟ್ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರ ಅಥವಾ ಸಮಿತಿಯ ಕಚೇರಿಗೆ ಹೋಗಿ. ಕಸ್ಟಡಿಯಲ್ಲಿರುವವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ.

ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲುವುದು ಕೆಲವೇ ನಿಮಿಷ. ಪೊಲೀಸರು ಹೊಡೆದಿದ್ದರೆ ಹೇಳಬೇಕಾದ ಜಾಗ ಅದು. ಪಕ್ಕದಲ್ಲಿ ಅದೇ ಪೇದೆ ನಿಂತಿರುವಾಗ ‘ಏನಾದರೂ ತೊಂದರೆ ಕೊಟ್ಟರಾ’ ಎಂದು ಕೇಳಿದರೆ ‘ಇಲ್ಲ ಸ್ವಾಮಿ’ ಎನ್ನುವವರೇ ಹೆಚ್ಚು. ಆಡಿದ ಆ ಒಂದು ಮಾತು ಮುಂದೆ ಪ್ರತಿ ದೂರಿನಲ್ಲೂ ಅಡ್ಡ ಬರುತ್ತದೆ. ಬಾಯಿ ಬರದಿದ್ದರೆ ವಕೀಲರ ಮೂಲಕ ಬರಹದಲ್ಲಿ ಸಲ್ಲಿಸಿ, ಮತ್ತೊಮ್ಮೆ ವೈದ್ಯಕೀಯ ಪರೀಕ್ಷೆ ಕೇಳಿ. ವೈದ್ಯರು ಬರೆಯುವಾಗ ಗಾಯ ಎಲ್ಲಿದೆ, ಬಣ್ಣ ಏನು, ಎಷ್ಟು ಹಳೆಯದು ಎಂಬುದು ಬರಬೇಕು. ಅಂಗಾಲು ತೋರಿಸಲು ಮರೆಯಬೇಡಿ. ಬಾಸುಂಡೆಯ ಬಣ್ಣ ದಿನದಿನಕ್ಕೆ ಬದಲಾಗುವುದರಿಂದ ಒಂದು ದಿನ ತಡವಾದರೂ ಸಾಕ್ಷಿ ಮಾಸುತ್ತದೆ. ವರದಿಯ ಪ್ರತಿ ಬಂಧಿತರ ಹಕ್ಕು (ಕಲಂ 53). ಕಸ್ಟಡಿ ಮುಂದುವರಿದರೆ 48 ಗಂಟೆಗೊಮ್ಮೆ ಪರೀಕ್ಷೆ ಆಗಬೇಕೆಂದು ಬಸು ತೀರ್ಪು ಹೇಳುತ್ತದೆ.

24 ಗಂಟೆ ಕಳೆದರೂ ಸುಳಿವಿಲ್ಲದಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್, ಅಂದರೆ ಹಿಡಿದಿಟ್ಟವರನ್ನು ಕೋರ್ಟ್ ಮುಂದೆ ಹಾಜರುಪಡಿಸಿ ಎಂದು ಆದೇಶ ಕೇಳುವ ಅರ್ಜಿ. ಹೆಂಡತಿ, ಅಣ್ಣ, ಗೆಳೆಯ, ಯಾರು ಬೇಕಾದರೂ ಹಾಕಬಹುದು. ಬೆಳಗಾವಿ, ಉತ್ತರ ಕನ್ನಡ, ಬಳ್ಳಾರಿ ಕಡೆಯವರು ಧಾರವಾಡ ಪೀಠಕ್ಕೆ, ಬೀದರ್, ರಾಯಚೂರು, ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ತಡ ಮಾಡಿದರೆ ಕೆಲಸ ಕೆಡುತ್ತದೆ: ಮ್ಯಾಜಿಸ್ಟ್ರೇಟರ ರಿಮ್ಯಾಂಡ್ ಆದೇಶ ಒಮ್ಮೆ ಬಂದರೆ ಈ ಅರ್ಜಿಗೆ ಸಾಮಾನ್ಯವಾಗಿ ಬಲವಿರುವುದಿಲ್ಲ, ಜಾಮೀನಿನ ದಾರಿ ಹಿಡಿಯಬೇಕಾಗುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಬೆಂಗಳೂರು ಜೈಲಿನಲ್ಲಿದ್ದ ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಅವರೂ ಕರ್ನಾಟಕ ಹೈಕೋರ್ಟಿಗೆ ಹಾಕಿದ್ದು ಇದೇ ಅರ್ಜಿ. ಆಗ, 1976ರಲ್ಲಿ, ಸುಪ್ರೀಂ ಕೋರ್ಟ್ ಈ ಬಾಗಿಲನ್ನೇ ಮುಚ್ಚಿತ್ತು. ಆ ತೀರ್ಪನ್ನು ರದ್ದು ಮಾಡಿದ 2017ರ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಬಿಡುಗಡೆಯಾದ ಮೇಲೆ ಠಾಣೆಯ ಸಿಸಿಟಿವಿ ದೃಶ್ಯ ಉಳಿಸುವಂತೆ ಅಂದೇ ಬರೆದು ಕೊಡಿ. ದೃಶ್ಯವನ್ನು ಧ್ವನಿ ಸಮೇತ 18 ತಿಂಗಳು, ಅದು ಸಾಧ್ಯವಿಲ್ಲದಿದ್ದರೂ 1 ವರ್ಷಕ್ಕೆ ಕಡಿಮೆಯಿಲ್ಲದಂತೆ ಇಡಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲಿ ಆದೇಶಿಸಿದೆ. ‘ಕ್ಯಾಮೆರಾ ಕೆಟ್ಟಿತ್ತು’ ಎಂಬ ಉತ್ತರ ಬಂದರೆ ಅದನ್ನೇ ಹಿಂಬರಹವಾಗಿ ಬರೆಸಿಕೊಳ್ಳಿ.

ಮಾನವ ಹಕ್ಕು ಆಯೋಗಕ್ಕೆ ದೂರು ಕೊಡಲು ಶುಲ್ಕವಿಲ್ಲ, ವಕೀಲರೂ ಬೇಡ; ರಾಜ್ಯ ಆಯೋಗಕ್ಕೆ ಕನ್ನಡದಲ್ಲೇ ಬರೆಯಬಹುದು. ಘಟನೆ ನಡೆದು ಒಂದು ವರ್ಷ ಮೀರಿದ್ದರೆ ದೂರು ನಿಲ್ಲುವುದಿಲ್ಲ. ರಾಜ್ಯ ಆಯೋಗಕ್ಕೂ ದೆಹಲಿಯ ರಾಷ್ಟ್ರೀಯ ಆಯೋಗಕ್ಕೂ ಒಟ್ಟಿಗೆ ಕಳಿಸಿದರೆ ಬಲ ಹೆಚ್ಚುತ್ತದೆ ಎಂಬುದು ತಪ್ಪು ಲೆಕ್ಕ. ರಾಜ್ಯ ಆಯೋಗದ ಮುಂದೆ ಇರುವ ವಿಷಯವನ್ನು ದೆಹಲಿಯವರು ವಿಚಾರಿಸುವಂತಿಲ್ಲ. ಆಯೋಗ ಪರಿಹಾರಕ್ಕೋ ಇಲಾಖಾ ಕ್ರಮಕ್ಕೋ ಶಿಫಾರಸು ಮಾಡುತ್ತದೆ, ತಾನೇ ಯಾರನ್ನೂ ಶಿಕ್ಷಿಸುವುದಿಲ್ಲ. ದೂರಿನ ಜೊತೆ ದಸ್ತಗಿರಿ ಮೆಮೊ, ವೈದ್ಯರ ವರದಿ, ಇಮೇಲ್‌ಗಳ ಜೆರಾಕ್ಸ್ ಲಗತ್ತಿಸಿ, ಮೂಲ ಪ್ರತಿಗಳನ್ನು ಕೈಬಿಡಬೇಡಿ.