ಸ್ಪೀಕರಿಗೆ ಮೊದಲು ಜಾಗ ನೋಡಿ, ಆಮೇಲೆ ಬೆಲೆ ನೋಡಿ

ಕೊಡಗಿನ ಸಿದ್ದಾಪುರದ ಕಡೆಯ ಒಂದು ಕಾಫಿ ತೋಟದ ಆಫೀಸು. ಹತ್ತಡಿ ಅಗಲ, ಹನ್ನೆರಡಡಿ ಉದ್ದದ ಕೋಣೆ. ಕೆಳಗೆ ಕೆಂಪು ರೆಡ್ ಆಕ್ಸೈಡ್ ನೆಲ, ಮೇಲೆ ಶೀಟಿನ ಮಾಡು, ಮೂಲೆಯಲ್ಲಿ ಕಬ್ಬಿಣದ ಬೀರು. ಅಲ್ಲಿನ ರೈಟರು, ಅಂದರೆ ತೋಟದ ಲೆಕ್ಕ ಬರೆಯುವವರು, ನನ್ನನ್ನು ಕರೆಸಿದ್ದು ಒಂದೇ ದೂರಿಗಾಗಿ.

“ಎಂಟು ಸಾವಿರ ಕೊಟ್ಟು ತಂದ ಸ್ಪೀಕರು ಸಾರ್. ವಿಡಿಯೊ ಕಾಲ್‌ನಲ್ಲಿ ಆ ಕಡೆಯವರು ಕಾಫಿಯ ತೇವಾಂಶ ಹನ್ನೊಂದು ಅಂದರೋ ಹನ್ನೆರಡು ಅಂದರೋ ತಿಳಿಯೋದೇ ಇಲ್ಲ. ಮತ್ತೆ ಫೋನ್ ಮಾಡಿ ಕೇಳಬೇಕು.”

ಒಂದು ಸ್ಪೀಕರ್ ಮಾನಿಟರಿನ ಹಿಂದೆ ಅಡಗಿ ಕೂತಿತ್ತು. ಇನ್ನೊಂದು ಬೀರುವಿನ ತಲೆಯ ಮೇಲಿತ್ತು, ವೈರು ಅಲ್ಲಿಗೆ ಎಟುಕುತ್ತದೆ ಎಂಬ ಒಂದೇ ಕಾರಣಕ್ಕೆ. ಹೊಸದಾಗಿ ಏನನ್ನೂ ತರಿಸಲಿಲ್ಲ. ಮುಕ್ಕಾಲು ಗಂಟೆ ಇಬ್ಬರೂ ಸೇರಿ ಮೇಜು ಎಳೆದು, ಅಳೆದು, ಎತ್ತರಿಸಿ ಕೂರಿಸಿದೆವು. ಅದೇ ಸ್ಪೀಕರಿನಲ್ಲಿ ಹನ್ನೊಂದು ಹನ್ನೊಂದಾಗಿಯೇ ಕೇಳಿಸಿತು. ಅಂಗಡಿಯಲ್ಲಿ ಇನ್ನೂ ಐದು ಸಾವಿರ ಜಾಸ್ತಿ ಕೊಟ್ಟರೂ ಸಿಗದ ಸುಧಾರಣೆ ಬರೀ ಜಾಗ ಬದಲಿಸಿದರೆ ಸಿಗುತ್ತದೆ ಎಂದು ನಾನು ಹೇಳುವುದು ಇಂಥ ಹತ್ತಾರು ಕೋಣೆಗಳನ್ನು ನೋಡಿದ ಮೇಲೆ.

ಮೊದಲು ಕುರ್ಚಿ

ಸ್ಪೀಕರ್ ಎಲ್ಲಿಡಬೇಕು ಎನ್ನುವುದಕ್ಕಿಂತ ಮುಂಚೆ ನೀವು ಎಲ್ಲಿ ಕೂರುತ್ತೀರಿ ಎಂದು ಗೊತ್ತುಮಾಡಿಕೊಳ್ಳಿ. ಮೇಜನ್ನು ಮೂಲೆಗೆ ತಳ್ಳಬೇಡಿ. ಒಂದು ಗೋಡೆಯ ನಡುಮಧ್ಯಕ್ಕೆ ತನ್ನಿ, ಎಡಬಲಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ಜಾಗ ಉಳಿಯಲಿ. ಒಂದು ಪಕ್ಕ ಗಾಜಿನ ಕಿಟಕಿ, ಇನ್ನೊಂದು ಪಕ್ಕ ತೆರೆದ ಬಾಗಿಲು ಇದ್ದರೆ ಎರಡು ಸ್ಪೀಕರೂ ಬೇರೆ ಬೇರೆ ಕಂಪನಿಯವು ಎಂಬಂತೆ ಕೇಳಿಸುತ್ತವೆ.

ಈಗ ಗೋಣಿ ಹೊಲಿಯುವ ಹುರಿ ತೆಗೆದುಕೊಳ್ಳಿ. ತೋಟದ ಆಫೀಸಿನಲ್ಲಿ ಅದಕ್ಕೇನು ಬರ. ನಾಲ್ಕಡಿ ಮೇಜಾದರೆ ಎರಡು ಸ್ಪೀಕರ್‌ಗಳ ನಡುವೆ ಮೂರಡಿ, ಅಂದರೆ 90 ಸೆಂ.ಮೀ. ಬಿಡಿ. ಅದೇ ಅಳತೆಯ ಹುರಿ ಹಿಡಿದು ಎಡ ಸ್ಪೀಕರಿನಿಂದ ನಿಮ್ಮ ಮೂಗಿಗೆ, ಬಲ ಸ್ಪೀಕರಿನಿಂದ ಮೂಗಿಗೆ ಅಳೆಯಿರಿ. ಮೂರೂ ಬದಿ ಸಮನಾಗಿರುವ ತ್ರಿಕೋನ ಆಗಬೇಕು. ಸ್ಪೀಕರಿನ ಮುಖ ನೇರ ಗೋಡೆಯತ್ತ ಅಲ್ಲ, ನಿಮ್ಮ ಕಡೆ ವಾಲಲಿ.

ಇಷ್ಟು ಕರಾರುವಾಕ್ಕು ಏಕೆ ಬೇಕು? ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂ.ಮೀ. ಓಡುತ್ತದೆ. ಒಂದು ಸ್ಪೀಕರ್ ಅಷ್ಟು ಹತ್ತಿರವಿದ್ದರೆ ಅದರ ಸದ್ದು ಒಂದು ಮಿಲಿಸೆಕೆಂಡು ಮೊದಲು ತಲುಪುತ್ತದೆ, ಕಿವಿ ಇಡೀ ಹಾಡು ಅಲ್ಲಿಂದಲೇ ಬರುತ್ತಿದೆ ಎಂದು ತೀರ್ಮಾನಿಸಿಬಿಡುತ್ತದೆ. ಇನ್ನೊಂದು ಸ್ಪೀಕರ್ ಇದ್ದೂ ಇಲ್ಲದಂತೆ. ಬೀರುವಿನ ಮೇಲಿದ್ದ ಸ್ಪೀಕರಿನ ಪಾಡು ಅದೇ ಆಗಿತ್ತು.

ಕಿವಿಯ ಮಟ್ಟಕ್ಕೆ ತನ್ನಿ

ಜನ ಅತಿ ಹೆಚ್ಚು ಕಡೆಗಣಿಸುವುದು ಈ ಹಂತವನ್ನೇ, ಮಾತು ಸ್ಪಷ್ಟವಾಗುವುದೂ ಇಲ್ಲೇ.

ಸ್ಪೀಕರಿನ ಮುಂಭಾಗದಲ್ಲಿ ಎರಡು ವೃತ್ತಗಳಿರುತ್ತವೆ. ದೊಡ್ಡದು ವೂಫರ್, ಚಿಕ್ಕದು ಟ್ವೀಟರ್. ಸ, ಶ, ಚ, ತ, ಟ ಮುಂತಾದ ಅಕ್ಷರಗಳನ್ನು ಒಂದರಿಂದ ಒಂದು ಬೇರ್ಪಡಿಸುವ ಸೂಕ್ಷ್ಮ ಸದ್ದು ಬಹುಮಟ್ಟಿಗೆ ಮೇಲಿನ, ಅಂದರೆ ವೇಗದ, ಕಂಪನಗಳಲ್ಲಿದೆ, ಅದನ್ನು ಹೊರಡಿಸುವುದು ಟ್ವೀಟರ್. ಬಾಸ್, ಅಂದರೆ ವೂಫರಿನ ದಪ್ಪ ಸದ್ದು, ಎಲ್ಲ ಕಡೆಗೂ ಹರಡಿಕೊಳ್ಳುತ್ತದೆ. ಟ್ವೀಟರಿನ ಸದ್ದು ಹಾಗಲ್ಲ, ಟಾರ್ಚ್ ಬೆಳಕಿನಂತೆ ಮುಂದಕ್ಕೇ ಹೋಗುತ್ತದೆ. ಅದಕ್ಕೇ ಮಾನಿಟರ್ ಅಡ್ಡ ಬಂದರೆ ಗುಂಯ್ ಎಂಬುದು ಕೇಳುತ್ತದೆ, ಅಕ್ಷರ ಕೇಳುವುದಿಲ್ಲ.

ಆಫೀಸು ಮೇಜಿನ ಎತ್ತರ ಸಾಮಾನ್ಯವಾಗಿ 75 ಸೆಂ.ಮೀ. ಕೂತವರ ಕಿವಿ ನೆಲದಿಂದ 115 ರಿಂದ 120 ಸೆಂ.ಮೀ. ಎತ್ತರದಲ್ಲಿರುತ್ತದೆ. ಟ್ವೀಟರ್ ಮೇಜಿನಿಂದ 40 ಸೆಂ.ಮೀ. ಮೇಲಿರಬೇಕು ಎಂದಾಯಿತು. ಸಣ್ಣ ಸ್ಪೀಕರಿನಲ್ಲಿ ಅದು 20 ಸೆಂ.ಮೀ.ಗೇ ನಿಂತುಬಿಡುತ್ತದೆ. ಉಳಿದ ಒಂದು ಗೇಣನ್ನು ನೀವು ತುಂಬಿಕೊಡಬೇಕು. ಅಂಗಡಿಯ ಸ್ಟ್ಯಾಂಡೇ ಆಗಬೇಕೆಂದಿಲ್ಲ. ರೈಟರ ಆಫೀಸಿನಲ್ಲಿ ನಾವು ಇಟ್ಟದ್ದು ಸಿಲ್ವರ್ ಓಕ್ ಮರದ ಎರಡು ತುಂಡು, ಕೆಳಗೆ ಹಳೆಯ ಬೈಕ್ ಟ್ಯೂಬಿನ ಚೂರು. ಪೂರ್ತಿ ಎತ್ತರಿಸಲಾಗದಿದ್ದರೆ ಮುಂದಿನ ಅಂಚಿನ ಕೆಳಗೆ ಸಣ್ಣ ಸಕ್ಕೆ ಕೊಟ್ಟು ಮುಖವನ್ನು ಮೇಲಕ್ಕೆ ತಿರುಗಿಸಿ.

ಎತ್ತರಿಸುವುದರಿಂದ ಇನ್ನೊಂದು ಲಾಭವಿದೆ. ಮೇಜು ಕನ್ನಡಿಯ ಹಾಗೆ ಸದ್ದನ್ನು ಹಿಂದಕ್ಕೆ ಎಸೆಯುತ್ತದೆ. ತಗ್ಗಿನಲ್ಲಿಟ್ಟ ಸ್ಪೀಕರಿನಿಂದ ನೇರವಾಗಿ ಬಂದದ್ದು ಒಂದು ಸದ್ದು, ಮೇಜಿಗೆ ಬಡಿದು ಅರ್ಧ ಮಿಲಿಸೆಕೆಂಡು ತಡವಾಗಿ ಬಂದದ್ದು ಇನ್ನೊಂದು. ಎರಡೂ ಸೇರಿದಾಗ 1,000 ಹರ್ಟ್ಸ್ ಆಸುಪಾಸಿನಲ್ಲಿ ಒಂದನ್ನೊಂದು ನುಂಗಿಕೊಳ್ಳುತ್ತವೆ. ಮನುಷ್ಯರ ಧ್ವನಿಯ ನಟ್ಟನಡು ಅದು. ಡಬ್ಬದೊಳಗಿಂದ ಮಾತಾಡಿದಂತೆ ಕೇಳುವುದಕ್ಕೆ ಇದೇ ಕಾರಣ. ಮೇಜಿನ ಮೇಲೆ ಕೈಗನ್ನಡಿ ಮಲಗಿಸಿ, ಕೂತಲ್ಲಿಂದಲೇ ನೋಡುತ್ತ ಜರುಗಿಸಿ. ಎಲ್ಲಿ ಟ್ವೀಟರ್ ಕಾಣುತ್ತದೋ ಸದ್ದು ಬಡಿಯುವುದು ಅಲ್ಲಿಗೇ. ಸ್ಪೀಕರನ್ನು ಮೇಜಿನ ಮುಂದಿನ ಅಂಚಿಗೆ ತಂದಷ್ಟೂ ಆ ಬಡಿತಕ್ಕೆ ಜಾಗ ಕಡಿಮೆ. ಬಟ್ಟೆ ಹಾಸಿದರೆ ಸಾಲದೇ ಎಂದು ಕೇಳುತ್ತಾರೆ. ತೆಳು ಬಟ್ಟೆ ತಡೆಯುವುದು ಅತಿ ಮೇಲಿನ ಸದ್ದನ್ನು ಮಾತ್ರ, ಅದನ್ನು ನಂಬಬೇಡಿ.

ಹಾಡು ಹಾಕಿ ಅಂಗೈಯನ್ನು ಮೇಜಿನ ಮೇಲಿಡಿ. ಜುಮ್ಮೆಂದರೆ ಮೇಜೂ ಹಾಡುತ್ತಿದೆ ಎಂದರ್ಥ. ಟ್ಯೂಬಿನ ಚೂರು, ಹಳೆಯ ಮೌಸ್ ಪ್ಯಾಡು, ಏನಾದರೊಂದು ಮೆತ್ತನೆಯದನ್ನು ಸ್ಪೀಕರಿನ ಅಡಿಗೆ ಕೊಡಿ.

ಗೋಡೆ, ಮೂಲೆ, ನೆಲ

ಗೋಡೆಗೆ ಅಂಟಿಸಿದರೆ ಬಾಸ್ ಹೆಚ್ಚುತ್ತದೆ, 6 ಡೆಸಿಬಲ್‌ವರೆಗೂ ಏರಬಹುದು. ಮೂಲೆಗೆ ಹೋದರೆ ಇನ್ನೂ ಜಾಸ್ತಿ. ಮೊದಲ ದಿನ ಅದು ಸೊಗಸು ಅನ್ನಿಸುತ್ತದೆ, ವಾರದೊಳಗೆ ತಲೆ ಭಾರವಾಗುತ್ತದೆ. ಹಿಂಭಾಗದಲ್ಲಿ ರಂಧ್ರವಿರುವ ಸ್ಪೀಕರಾದರೆ ಗೋಡೆಯಿಂದ ಒಂದು ಗೇಣಾದರೂ ಬಿಡಿ. ಹಿಂದೆ ಬಾಸ್ ತಗ್ಗಿಸುವ ಸ್ವಿಚ್ ಇದ್ದರೆ ಧಾರಾಳವಾಗಿ ಬಳಸಿ, ಅದನ್ನು ಇಟ್ಟಿರುವುದೇ ಇಕ್ಕಟ್ಟಾದ ಕೋಣೆಗಳಿಗೆ.

ಕೋಣೆಯ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಠಣ್ ಎಂದು ಬಾಲ ಎಳೆದರೆ ನೆಲ, ಗೋಡೆ, ಗಾಜು ಎಲ್ಲವೂ ಬರಿದಾಗಿವೆ. ಪಕ್ಕದ ಗೋಡೆಗೆ ದಪ್ಪ ಪರದೆ, ಬೆನ್ನ ಹಿಂದೆ ಫೈಲು, ಲೆಡ್ಜರು ತುಂಬಿದ ತೆರೆದ ಕಪಾಟು, ನೆಲಕ್ಕೆ ಜಮಖಾನ ಬಂದರೆ ಅರ್ಧ ಕೆಲಸ ಮುಗಿಯಿತು. ಮಡಚಿಟ್ಟ ಗೋಣಿಚೀಲದ ಅಟ್ಟಿಯೂ ಚೆನ್ನಾಗಿ ಸದ್ದು ಹೀರುತ್ತದೆ. ಜೂನ್‌ನಲ್ಲಿ ಮಾತ್ರ ಅದನ್ನು ಒಳಗಿಡಬೇಡಿ, ಬೂಸು ಹಿಡಿಯುತ್ತದೆ.

ಕೊಳ್ಳುವುದಾದರೆ

ಇಂಥ ಕೋಣೆಗೆ 4 ಅಥವಾ 5 ಇಂಚು ವೂಫರಿನ ಆ್ಯಕ್ಟಿವ್ ಸ್ಪೀಕರ್ ಜೋಡಿ ಸಾಕು. ಆ್ಯಂಪ್ಲಿಫೈಯರ್ ಅದರೊಳಗೇ ಇರುತ್ತದೆ, ಬೇರೆ ಪೆಟ್ಟಿಗೆ ಬೇಡ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ಪಿಎಂಪಿಒ (ಕ್ಷಣಕಾಲದ ಗರಿಷ್ಠ) ವ್ಯಾಟ್ ಎಂದು ಬರೆದಿದ್ದರೆ ಅದನ್ನು ಓದಬೇಡಿ, ಆರ್‌ಎಂಎಸ್ ವ್ಯಾಟ್, ಅಂದರೆ ಸತತವಾಗಿ ಕೊಡುವ ಶಕ್ತಿ, ಎಷ್ಟೆಂದು ಕೇಳಿ. ಮೂರಡಿ ದೂರದಲ್ಲಿ ಕೂತು ಕೇಳುವುದಕ್ಕೆ 20 ವ್ಯಾಟ್ ನಿಜವಾಗಿ ಇದ್ದರೂ ಧಾರಾಳವಾಯಿತು. ಸಬ್‌ವೂಫರ್ ಆಫೀಸಿಗೆ ಬೇಕಿಲ್ಲ, ಅದರ ಸದ್ದು ಗೋಡೆ ದಾಟಿ ಪಕ್ಕದವರ ಮೇಜಿಗೆ ಹೋಗುತ್ತದೆ.

ಬ್ಲೂಟೂತ್ ಹಾಡಿಗೆ ಸರಿ. ಮೀಟಿಂಗಿಗೆ ವೈರೇ ವಾಸಿ, ಮಾತು ತಡವಾಗಿ ಬಂದರೆ ಒಬ್ಬರ ಮೇಲೊಬ್ಬರು ಮಾತಾಡಬೇಕಾಗುತ್ತದೆ. ಸ್ಪೀಕರಿಗೆ ಯುಎಸ್‌ಬಿ ಕಿಂಡಿ ಇದ್ದರೆ ಅದರಲ್ಲೇ ಜೋಡಿಸಿ. ಆ್ಯಂಪ್ಲಿಫೈಯರ್ ಬೇರೆಯೇ ಇರುವ ಪ್ಯಾಸಿವ್ ಸ್ಪೀಕರಾದರೆ ವೈರು ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು. ಒಂದರಲ್ಲಿ ಮಾತ್ರ ಅದಲುಬದಲಾದರೆ ಬಾಸ್ ಮಾಯವಾಗುತ್ತದೆ, ಧ್ವನಿ ಎಲ್ಲಿಂದ ಬರುತ್ತಿದೆ ಎಂದೇ ತಿಳಿಯುವುದಿಲ್ಲ.

ಕರೆಂಟು ಮತ್ತು ಸಿಡಿಲು

ಸ್ಪೀಕರ್ ಸುಮ್ಮನಿದ್ದಾಗಲೂ ಹುಂ ಎನ್ನುತ್ತಿದ್ದರೆ ಸ್ಪೀಕರನ್ನು ಬೈಯಬೇಡಿ. ಕಂಪ್ಯೂಟರ್ ಒಂದು ಗೋಡೆಯ ಪ್ಲಗ್ಗಿನಲ್ಲಿ, ಸ್ಪೀಕರ್ ಇನ್ನೊಂದು ಗೋಡೆಯ ಪ್ಲಗ್ಗಿನಲ್ಲಿ ಇದ್ದಾಗ ಎರಡು ಅರ್ಥಿಂಗ್ ನಡುವೆ ಸಣ್ಣ ಕರೆಂಟು ಹರಿದು 50 ಹರ್ಟ್ಸ್ ಹಮ್ ಕೇಳಿಸುತ್ತದೆ. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತನ್ನಿ, ಬಹಳ ಸಲ ಅಲ್ಲಿಗೆ ನಿಲ್ಲುತ್ತದೆ. ಅರ್ಥ್ ಪಿನ್ ಮುರಿದರೆ ಹಮ್ ಹೋಗುತ್ತದೆ ಎಂದು ಯಾರಾದರೂ ಸಲಹೆ ಕೊಟ್ಟರೆ ದಯವಿಟ್ಟು ಕೇಳಬೇಡಿ. ಹಮ್ ಜೊತೆಗೆ ನಿಮ್ಮ ಜೀವದ ಕಾವಲೂ ಹೋಗುತ್ತದೆ. ಬೇಸಗೆಯಲ್ಲಿ ನೆಲ ಒಣಗಿದಾಗ ಅರ್ಥ್ ಗುಂಡಿಗೆ ಆಗಾಗ ಒಂದು ಕೊಡ ನೀರು ಹೊಯ್ಯಿರಿ. ಕರೆಂಟು ಹೋಗಿ ಇನ್ವರ್ಟರ್ ಹಿಡಿದಾಗ ಮಾತ್ರ ಗುಯ್‌ಗುಟ್ಟುತ್ತಿದ್ದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್. ಮುಂದಿನ ಸಲ ಸೈನ್ ವೇವ್ ತರಿಸಿ.

ನಮ್ಮಲ್ಲಿ ಸ್ಪೀಕರಿನ ಆಯಸ್ಸು ತೀರ್ಮಾನಿಸುವುದು ಮಾರ್ಚ್, ಏಪ್ರಿಲ್‌ನ ಹೂಮಳೆ. ಕಾಫಿಗೆ ಅದು ಅಮೃತ, ಆದರೆ ಬರುವುದು ಗುಡುಗು ಸಿಡಿಲಿನ ಜೊತೆ. ಒಂದು ಸಂಜೆ ಮೋಡ ಕಟ್ಟಿದ್ದು ಕಂಡು ನಾನು ಪ್ಲಗ್ಗುಗಳನ್ನೆಲ್ಲ ಕಿತ್ತು ನಿಶ್ಚಿಂತೆಯಿಂದ ಮನೆಗೆ ಹೋದೆ. ಬೆಳಿಗ್ಗೆ ಬಂದರೆ ರೂಟರ್, ಕಂಪ್ಯೂಟರಿನ ಮದರ್‌ಬೋರ್ಡ್, ಸ್ಪೀಕರ್ ಮೂರೂ ಸತ್ತಿದ್ದವು. ಕರೆಂಟಿನ ಪ್ಲಗ್ ಕಿತ್ತಿದ್ದೆ, ಹೊರಗಿನಿಂದ ಬರುವ ಇಂಟರ್ನೆಟ್ ಕೇಬಲ್ ಮರೆತಿದ್ದೆ. ಸಿಡಿಲು ಅದರ ತಾಮ್ರದ ತಂತಿ ಹಿಡಿದು ಕಂಪ್ಯೂಟರಿಗೆ, ಅಲ್ಲಿಂದ ಆಡಿಯೊ ವೈರಿನಲ್ಲಿ ಸ್ಪೀಕರಿಗೆ ಇಳಿದಿತ್ತು. ಕರೆಂಟಿನ ಹಠಾತ್ ಏರಿಕೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರಲಿ, ಆದರೆ ಗುಡುಗು ಕೇಳುವ ಮೊದಲೇ ಕರೆಂಟು, ನೆಟ್ ಕೇಬಲ್ ಎರಡನ್ನೂ ಕೀಳಿ. ಗುಡುಗು ತಲೆಯ ಮೇಲೆ ಬಂದ ಮೇಲೆ ವೈರು ಮುಟ್ಟಲು ಹೋಗಬೇಡಿ.

ಮಳೆಗಾಲ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಭಾಗಮಂಡಲ, ಮಡಿಕೇರಿ ಕಡೆ ಗೋಡೆಯೇ ಬೆವರುತ್ತದೆ. ಮಳೆ ಬಡಿಯುವ ನೈಋತ್ಯ, ಪಶ್ಚಿಮದ ಗೋಡೆಗೆ ಸ್ಪೀಕರ್ ಇಡಬೇಡಿ. ವೂಫರಿನ ಕಾಗದದ ಕೋನು ತೇವ ಕುಡಿಯುತ್ತದೆ, ಅದರ ಸುತ್ತಲಿನ ಫೋಮ್ ಪುಡಿಯಾಗುತ್ತದೆ. ಕೊಳ್ಳುವಾಗಲೇ ರಬ್ಬರ್ ಸುತ್ತಿರುವುದನ್ನು ಆರಿಸಿ. ರಜೆಯಿದ್ದರೂ ದಿನಕ್ಕೆ ಒಂದು ಗಂಟೆ ಹಾಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಮುಚ್ಚುವುದಾದರೆ ಹತ್ತಿ ಬಟ್ಟೆ, ಪ್ಲಾಸ್ಟಿಕ್ ಬೇಡ. ಕುಶಾಲನಗರದ ಕಡೆಯವರಿಗೆ ಇಷ್ಟು ಕಷ್ಟವಿಲ್ಲ, ಅಲ್ಲಿ ಧೂಳು ಒರೆಸಿದರೆ ಆಯಿತು.

ಶೀಟಿನ ಮೇಲೆ ಮಳೆ ಹುಯ್ಯುತ್ತಿರುವಾಗ ವಾಲ್ಯೂಮ್ ಏರಿಸಿ ಅದನ್ನು ಗೆಲ್ಲಲು ಹೋಗಬೇಡಿ. ವಾರಕ್ಕೆ 40 ಗಂಟೆ ಕೇಳುವುದಾದರೆ 80 ಡೆಸಿಬಲ್ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಆ ಹೊತ್ತಿಗೆ ಕಿವಿ ಮುಚ್ಚುವ ಹೆಡ್‌ಫೋನ್ ಹಾಕಿಕೊಳ್ಳಿ, ಅದರಲ್ಲೂ ಸದ್ದು ಹಿತವಾಗಿರಲಿ.

ಇನ್ನೊಂದು ಇಲ್ಲಿನದೇ ಪೀಡೆ. ಒಂದು ಬೇಸಗೆಯಲ್ಲಿ ನನ್ನ ಎಡ ಸ್ಪೀಕರಿನ ಬಾಸ್ ದಿನೇ ದಿನೇ ಕುಗ್ಗುತ್ತ ಬಂತು. ವೈರು ಬದಲಿಸಿದೆ, ಸೆಟ್ಟಿಂಗ್ ನೋಡಿದೆ, ಏನೂ ಇಲ್ಲ. ಕೊನೆಗೆ ಹಿಂದಿನ ರಂಧ್ರಕ್ಕೆ ಟಾರ್ಚ್ ಬಿಟ್ಟರೆ ಒಳಗೆ ಹೆಬ್ಬೆರಳು ಗಾತ್ರದ ಕೆಮ್ಮಣ್ಣಿನ ಗೂಡು, ಬಾಯಿ ಅಚ್ಚುಕಟ್ಟಾಗಿ ಮೆತ್ತಿತ್ತು. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಎಬ್ಬಿಸಿದರೆ ನಾಲ್ಕು ಕೋಣೆ, ಪ್ರತಿಯೊಂದರಲ್ಲೂ ಮರಿಗೆ ಮೇವಾಗಲೆಂದು ಕಣಜದ ಹುಳ ತಂದು ತುರುಕಿದ ಜೋಮು ಹಿಡಿದ ಜೇಡಗಳು. ಅಂದಿನಿಂದ ಪ್ರತಿ ರಂಧ್ರಕ್ಕೂ ಸೊಳ್ಳೆ ಪರದೆಯ ಒಂದು ಪದರ ಕಟ್ಟುತ್ತೇನೆ. ಗಾಳಿ ಆಡುತ್ತದೆ, ಹುಳ ಹೋಗುವುದಿಲ್ಲ.

ಕೇಳಿ ನೋಡಿ

ಮೊದಲು ಕಂಪ್ಯೂಟರಿನ ವಾಲ್ಯೂಮ್ ಮುಕ್ಕಾಲಿಗಿಂತ ಮೇಲಿಟ್ಟು, ಹೆಚ್ಚುಕಡಿಮೆ ಮಾಡುವುದನ್ನು ಸ್ಪೀಕರಿನ ತಿರುಗುಣಿಯಲ್ಲೇ ಮಾಡಿ. ಸೌಂಡ್ ಸೆಟ್ಟಿಂಗಿನಲ್ಲಿರುವ ಎನ್‌ಹ್ಯಾನ್ಸ್‌ಮೆಂಟ್‌ಗಳನ್ನೆಲ್ಲ ಆಫ್ ಮಾಡಿ.

ಪರೀಕ್ಷೆಗೆ ಹೊಸ ಹಾಡು ಬೇಡ. ನಿಮ್ಮ ಕಿವಿಗೆ ವರ್ಷಗಳಿಂದ ಪರಿಚಯವಿರುವ ಧ್ವನಿ ಬೇಕು. ದಿನವೂ ಮಡಿಕೇರಿ ಆಕಾಶವಾಣಿ ಕೇಳುವವರಾದರೆ ಅಲ್ಲಿನ ಉದ್ಘೋಷಕರ ಮಾತಿಗಿಂತ ಒಳ್ಳೆಯ ಅಳತೆಗೋಲು ಇನ್ನೊಂದಿಲ್ಲ. ಆ ಮಾತು ಮಾನಿಟರಿನ ನಟ್ಟನಡುವಿನಿಂದ, ಒಬ್ಬರು ಎದುರು ಕೂತು ಆಡಿದಂತೆ ಬರಬೇಕು. ಎಡಕ್ಕೋ ಬಲಕ್ಕೋ ಸರಿದರೆ ಮತ್ತೆ ಹುರಿ ಹಿಡಿಯಿರಿ. ಆಮೇಲೆ ಕೊಡವರು ದುಡಿ ಬಾರಿಸುತ್ತ ಹಾಡುವ ದುಡಿಕೊಟ್ಟ್ ಪಾಟ್‌ನ ಒಳ್ಳೆಯ ರೆಕಾರ್ಡಿಂಗ್ ಹಾಕಿ. ದುಡಿಯ ಪ್ರತಿ ಪೆಟ್ಟು ಬಿದ್ದು, ಅಲ್ಲೇ ನಿಲ್ಲಬೇಕು. ಪೆಟ್ಟಿಗೆ ಪೆಟ್ಟು ಅಂಟಿಕೊಂಡು ಬರುತ್ತಿದ್ದರೆ ಸ್ಪೀಕರನ್ನು ಗೋಡೆಯಿಂದ ಇನ್ನೆರಡು ಬೆರಳು ಮುಂದಕ್ಕೆ ತನ್ನಿ, ಮತ್ತೆ ಕೇಳಿ. ರೈಟರು ಆ ದಿನ ಮೂರು ಸಲ ಜರುಗಿಸಿದರು. ಮೂರನೆಯ ಸಲ ಏನೂ ಹೇಳಲಿಲ್ಲ, ವಾಲ್ಯೂಮ್ ಸ್ವಲ್ಪ ಇಳಿಸಿ ಕುರ್ಚಿಗೆ ಒರಗಿದರು.

ಸರಿಯಾದ ಜಾಗ ಸಿಕ್ಕಿದ ಕೂಡಲೇ ಸ್ಪೀಕರಿನ ನಾಲ್ಕು ಮೂಲೆಗೂ ಮೇಜಿನ ಮೇಲೆ ಇನ್ಸುಲೇಷನ್ ಟೇಪಿನ ಗುರುತು ಹಾಕಿ, ಕುರ್ಚಿಯ ಜಾಗಕ್ಕೂ ನೆಲದಲ್ಲಿ ಒಂದು ಹಾಕಿ. ನಾಳೆ ಬೆಳಿಗ್ಗೆ ಮೇಜು ಒರೆಸಲು ಬರುವ ಅಕ್ಕನಿಗೆ ಆ ಗುರುತು ತೋರಿಸಿ, ಒರೆಸಿದ ಮೇಲೆ ಸ್ಪೀಕರನ್ನು ಅದರೊಳಗೇ ಇಡಲು ಹೇಳಿ.