ಅನ್ಯಗ್ರಹದವರಿಗೆ ಒಂದು ಗಂಟೆಯ ಸಂಗೀತ: ಆರಿಸುವ ಕ್ರಮ

ನಿಮಗೆ ಇಷ್ಟವಾದ ಹಾಡುಗಳ ಪಟ್ಟಿ ಬೇರೆ, ಅನ್ಯಗ್ರಹದವರಿಗೆ ಕಳುಹಿಸಲೆಂದು ಆರಿಸುವ ಪಟ್ಟಿ ಬೇರೆ. ಇಲ್ಲಿ ಕೇಳುವವರಿಗೆ ಕನ್ನಡ ಬಾರದು, ತುಳು ಬಾರದು, ರಾಮ ಯಾರು ರಾವಣ ಯಾರು ಗೊತ್ತಿಲ್ಲ. ಕಿವಿ ಎಂಬುದೇ ಇಲ್ಲದೆಯೂ ಇರಬಹುದು. ಅವರ ಕೈಗೆ ಸಿಗುವುದು ಏರಿಳಿಯುವ ಒಂದು ಗೆರೆ, ಅಷ್ಟೇ. ಆ ಗೆರೆ ನೋಡಿ ‘ಇದು ಗಾಳಿಯ ಸದ್ದಲ್ಲ, ಯಾರೋ ಬೇಕೆಂದೇ ಮಾಡಿದ್ದು’ ಎಂದು ಅವರಿಗೆ ಹೊಳೆಯಬೇಕು. ಹಾಗಾಗಿ ಈ ಕೆಲಸದಲ್ಲಿ ಕಿವಿಗಿಂತ ಕಣ್ಣಿಗೆ ದುಡಿಮೆ ಜಾಸ್ತಿ.

ಉಡುಪಿ, ಮಂಗಳೂರು ಕಡೆಯ ಕಾಲೇಜಿನ ವಿಜ್ಞಾನ ಸಂಘವೋ ಖಗೋಳಾಸಕ್ತರ ಗುಂಪೋ ಇದನ್ನು ಒಂದು ಅಭ್ಯಾಸವಾಗಿ ಮಾಡಬಹುದು. ಒಂದು ಲ್ಯಾಪ್‌ಟಾಪ್, ಧ್ವನಿ ಸಂಪಾದಿಸಲು ಉಚಿತವಾಗಿ ಸಿಗುವ ಆಡಾಸಿಟಿ ತಂತ್ರಾಂಶ, ಒಂದು ಒಳ್ಳೆಯ ರೆಕಾರ್ಡರ್, ಐದರಿಂದ ಏಳು ಜನ ಮತ್ತು ನಾಲ್ಕೈದು ಭಾನುವಾರ ಇದ್ದರೆ ಸಾಕು.

ಅಳತೆಗೆ ಹಳೆಯ ತಟ್ಟೆ

1977ರಲ್ಲಿ ಹಾರಿದ ಎರಡು ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಅನ್ಯಗ್ರಹದವರಿಗೆಂದು ಸದ್ದು ಮುದ್ರಿಸಿಟ್ಟ ಚಿನ್ನದ ಲೇಪದ ತಾಮ್ರದ ತಟ್ಟೆ ಉಂಟಲ್ಲ, ನಮ್ಮ ಅಳತೆಗೋಲು ಅದೇ. 12 ಇಂಚಿನ ತಟ್ಟೆ, 27 ಸಂಗೀತ, ಸುಮಾರು 90 ನಿಮಿಷ. ಮಾಮೂಲಿ ಎಲ್‌ಪಿ ಗ್ರಾಮಫೋನ್ ತಟ್ಟೆಯ ಅರ್ಧ ವೇಗ, ಅಂದರೆ ನಿಮಿಷಕ್ಕೆ 16⅔ ಸುತ್ತು. ವೇಗ ತಗ್ಗಿಸಿದ್ದಕ್ಕೇ ಅಷ್ಟು ಹಿಡಿಸಿತು. ಹಾಗೆ ತಗ್ಗಿಸಿದಾಗ ಮೇಲಿನ ಸ್ವರಗಳ ಸ್ಪಷ್ಟತೆ ಸ್ವಲ್ಪ ಹೋಗುತ್ತದೆ, ಬದಲಿಗೆ ಸಮಯ ಸಿಗುತ್ತದೆ.

ಸರಾಸರಿ ತೆಗೆದರೆ ಒಂದಕ್ಕೆ 3 ನಿಮಿಷ 20 ಸೆಕೆಂಡು. ಆದರೆ ಅವರು ಸಮನಾಗಿ ಹಂಚಲಿಲ್ಲ. ಚೀನಾದ ಗುಚಿನ್ ಎಂಬ ತಂತಿವಾದ್ಯದ ವಾದನಕ್ಕೆ 7 ನಿಮಿಷ 37 ಸೆಕೆಂಡು ಕೊಟ್ಟು, ಪೆರುವಿನ ಮದುವೆ ಹಾಡನ್ನು 38 ಸೆಕೆಂಡಿನಲ್ಲಿ ಮುಗಿಸಿದ್ದಾರೆ. ಭಾರತದ್ದು ಒಂದೇ: ಹಿಂದುಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಹಾಡಿದ ಭೈರವಿ, ಮೂರೂವರೆ ನಿಮಿಷ. ಯುರೋಪಿನ ಶಾಸ್ತ್ರೀಯ ಸಂಗೀತ ಎಂಟು, ಅದರಲ್ಲಿ ಬಾಖ್ ಒಬ್ಬನದ್ದೇ ಮೂರು. ಈ ಲೆಕ್ಕ ನಿಮ್ಮ ಗುಂಪಿನ ಗೋಡೆಗೆ ಅಂಟಿಸಿಡಿ, ಆಮೇಲಿನ ಜಗಳಕ್ಕೆ ಬೇಕಾಗುತ್ತದೆ. ಅದೇ ತಟ್ಟೆಯ 55 ಭಾಷೆಗಳ ಶುಭಾಶಯದಲ್ಲಿ ಕನ್ನಡ ಉಂಟು, ತುಳು ಇಲ್ಲ. ಈ ಬೇಸರವನ್ನು ಸಂಗೀತದ ಪಟ್ಟಿಯಲ್ಲಿ ತೀರಿಸಿಕೊಳ್ಳಲು ಹೋಗಬೇಡಿ.

ನಮ್ಮ ಅಭ್ಯಾಸಕ್ಕೆ 60 ನಿಮಿಷ, 18ರಿಂದ 20 ತುಣುಕು ಸರಿಹೋಗುತ್ತದೆ. ಕರಾವಳಿಯಿಂದ ಹೆಚ್ಚೆಂದರೆ ಮೂರು. ನಾಲ್ಕಾದರೆ ಅದು ಮನುಷ್ಯಕುಲದ ಪರಿಚಯವಲ್ಲ, ಕರಾವಳಿ ಉತ್ಸವ.

ತಟ್ಟೆಯೋ, ರೇಡಿಯೋವೋ?

ನೌಕೆಯಲ್ಲಿ ತಟ್ಟೆಯಾಗಿ ಕಳುಹಿಸುವುದೋ, ರೇಡಿಯೋ ಅಲೆಯಾಗಿ ಕಳುಹಿಸುವುದೋ ಎಂದು ಮೊದಲ ದಿನವೇ ತೀರ್ಮಾನಿಸಿ, ಯಾಕೆಂದರೆ ಆಯ್ಕೆಯೇ ಬದಲಾಗುತ್ತದೆ. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಸೆಕೆಂಡಿಗೆ 14,11,200 ಬಿಟ್ (0 ಅಥವಾ 1 ಎಂಬ ಅಂಕೆ) ಬೇಕು. ಮೂರು ನಿಮಿಷದ ಹಾಡೆಂದರೆ 25 ಕೋಟಿ ಬಿಟ್ ದಾಟಿತು. 1974ರಲ್ಲಿ ಅರೆಸಿಬೊ ರೇಡಿಯೋ ದೂರದರ್ಶಕದಿಂದ ನಕ್ಷತ್ರಗಳ ಕಡೆಗೆ ಕಳುಹಿಸಿದ ಸಂದೇಶ ಹೋದದ್ದು ಸೆಕೆಂಡಿಗೆ 10 ಬಿಟ್ ವೇಗದಲ್ಲಿ. ಇಡೀ ಸಂದೇಶವೇ 1,679 ಬಿಟ್. ಅದೇ ವೇಗದಲ್ಲಿ ನಿಮ್ಮ ಒಂದು ಹಾಡು ಕಳುಹಿಸಲು 294 ದಿನ ಹಿಡಿಯುತ್ತದೆ. ವೇಗ ಹೆಚ್ಚಿಸಿದರೆ ದೂರದಲ್ಲಿ ಸಂಕೇತ ಗದ್ದಲದೊಳಗೆ ಮುಳುಗುತ್ತದೆ. 2017ರಲ್ಲಿ ನಾರ್ವೆಯಿಂದ ಲೈಟನ್ (Luyten) ನಕ್ಷತ್ರದ ಕಡೆಗೆ 33 ಸಂಗೀತದ ತುಣುಕು ಕಳುಹಿಸಿದವರು ಒಂದೊಂದನ್ನೂ 10 ಸೆಕೆಂಡಿಗೆ ಇಳಿಸಿದರು. ಹತ್ತು ಸೆಕೆಂಡಿನಲ್ಲಿ ಆಲಾಪನೆಯ ಮೊದಲ ಉಸಿರೂ ಮುಗಿಯುವುದಿಲ್ಲ. ರೇಡಿಯೋ ಆದರೆ ಚಿಕ್ಕ ತಾಳದ ತುಣುಕು, ತಟ್ಟೆಯಾದರೆ ರಾಗ. ಮುಂದಿನದೆಲ್ಲ ತಟ್ಟೆಯ ಲೆಕ್ಕದಲ್ಲಿ.

ಮೂರು ಪರೀಕ್ಷೆ

ಪ್ರತಿಯೊಬ್ಬರೂ ಎಂಟು ತುಣುಕು ತರಲಿ. ಕಡತದ ಹೆಸರು ಅಳಿಸಿ ಸಂಖ್ಯೆ ಹಾಕಿ, ಯಾರು ತಂದದ್ದೆಂದು ತಿಳಿಯಬಾರದು. ಹೆಸರು ಕಂಡರೆ ‘ನಮ್ಮ ಮೇಳದ್ದೂ ಒಂದಿರಲಿ ಮಾರಾಯ್ರೆ’ ಶುರುವಾಗುತ್ತದೆ, ಪಟ್ಟಿ ಹೋಗಿ ಪ್ರಾತಿನಿಧ್ಯದ ಸಭೆಯಾಗುತ್ತದೆ. ಆಮೇಲೆ ಒಂದೊಂದನ್ನೂ ಹೀಗೆ ಜರಡಿಗೆ ಹಾಕಿ.

ಮೊದಲನೆಯದು ಚಿತ್ರದ ಪರೀಕ್ಷೆ, ಮುಖ್ಯವಾದದ್ದೂ ಇದೇ. ಆಡಾಸಿಟಿಯಲ್ಲಿ ಕಡತ ತೆರೆದು, ಟ್ರ್ಯಾಕಿನ ಹೆಸರು ಒತ್ತಿದಾಗ ಬರುವ ಪಟ್ಟಿಯಲ್ಲಿ ಸ್ಪೆಕ್ಟ್ರೋಗ್ರಾಮ್, ಅಂದರೆ ಸದ್ದಿನ ಚಿತ್ರ, ಆರಿಸಿ. ಅಡ್ಡಕ್ಕೆ ಸಮಯ, ಉದ್ದಕ್ಕೆ ಸ್ವರದ ಎತ್ತರ. ಶ್ರುತಿ ಷಡ್ಜ (ಸ) 240 ಹರ್ಟ್ಸ್ ಇದ್ದರೆ ಪಂಚಮ (ಪ) 360ಕ್ಕೆ, ಮೇಲಿನ ಷಡ್ಜ 480ಕ್ಕೆ ಗೆರೆ ಎಳೆದ ಹಾಗೆ ಕಾಣುತ್ತದೆ. 2ಕ್ಕೆ 3, 1ಕ್ಕೆ 2 ಎಂಬ ಅನುಪಾತ ಅರ್ಥವಾಗಲು ಸಂಗೀತ ಗೊತ್ತಿರಬೇಕೆಂದಿಲ್ಲ, ಎಣಿಸಲು ಬಂದರೆ ಸಾಕು. ಹಾಗಾಗಿ ಶ್ರುತಿ ಎಡೆಬಿಡದೆ ಹಿಡಿದಿರುವ ಸಂಗೀತ ಬಹಳ ಉಪಕಾರಿ. ಆ ನೆಟ್ಟ ಗೆರೆಯ ಮೇಲೆ ಗಮಕಗಳು, ಅಂದರೆ ಸ್ವರದ ಓಲಾಟಗಳು, ಬಳ್ಳಿಯ ಹಾಗೆ ಸುತ್ತುವುದು ಕಣ್ಣಿಗೇ ಕಾಣುತ್ತದೆ.

ಇಲ್ಲಿ ಎಡವುವುದು ವಿಂಡೋ ಗಾತ್ರದಲ್ಲಿ, ಅಂದರೆ ತಂತ್ರಾಂಶ ಒಮ್ಮೆಗೆ ಧ್ವನಿಯ ಎಷ್ಟು ಮಾದರಿಗಳನ್ನು ಸೇರಿಸಿ ನೋಡುತ್ತದೆ ಎಂಬುದರಲ್ಲಿ. 48 ಕಿಲೋಹರ್ಟ್ಸ್ (ಸೆಕೆಂಡಿಗೆ 48 ಸಾವಿರ ಮಾದರಿ) ಧ್ವನಿಗೆ 4096 ಇಟ್ಟರೆ ಸುಮಾರು 12 ಹರ್ಟ್ಸ್ ಅಂತರದ ಸ್ವರಗಳು ಬೇರೆ ಬೇರೆಯಾಗಿ ಕಾಣುತ್ತವೆ, ಆದರೆ 85 ಮಿಲಿಸೆಕೆಂಡಿನೊಳಗೆ ನಡೆದದ್ದೆಲ್ಲ ಕಲಸಿಹೋಗುತ್ತದೆ. ಚೆಂಡೆಯ ಉರುಳಿಕೆ ಹೀಗೆ ನೋಡಿದರೆ ಗೋಡೆಗೆ ಸುಣ್ಣ ಬಳಿದ ಹಾಗೆ. ಅದಕ್ಕೆ 512 ಇಡಿ, ಆಗ 11 ಮಿಲಿಸೆಕೆಂಡಿನ ವರೆಗೆ ಪೆಟ್ಟುಗಳು ಬಿಡಿಬಿಡಿಯಾಗುತ್ತವೆ. ಹಾಡಿಕೆಗೆ ಒಮ್ಮೆ, ತಾಳಕ್ಕೆ ಒಮ್ಮೆ, ಎರಡು ಸಲ ನೋಡಲೇಬೇಕು. ಎರಡರಲ್ಲೂ ಮಬ್ಬು ಕಾಣುವ ತುಣುಕು ಎಷ್ಟೇ ಜನಪ್ರಿಯವಿರಲಿ, ಪಕ್ಕಕ್ಕಿಡಿ. ಈಗಿನ ಸಿನಿಮಾ ಹಾಡುಗಳು ಹೆಚ್ಚಾಗಿ ಬೀಳುವುದು ಇಲ್ಲಿಯೇ: ನಲ್ವತ್ತು ಟ್ರ್ಯಾಕ್ ಒಂದರ ಮೇಲೊಂದು ಒತ್ತಿ, ಸದ್ದನ್ನು ಒಂದೇ ಮಟ್ಟಕ್ಕೆ ತಂದಿರುತ್ತಾರೆ.

ಎರಡನೆಯದು ವೇಗ. ಅರ್ಧ ವೇಗದಲ್ಲೂ ಎರಡು ಪಟ್ಟು ವೇಗದಲ್ಲೂ ನುಡಿಸಿ. ವಾಯೇಜರ್ ತಟ್ಟೆಯ ಹೊದಿಕೆಯ ಮೇಲೆ ಒಂದು ಸುತ್ತಿಗೆ 3.6 ಸೆಕೆಂಡು ಎಂದು ಬರೆಯಲು ಹೈಡ್ರೋಜನ್ ಪರಮಾಣುವಿನ ಕಾಲಮಾನ ಬಳಸಿದ್ದಾರೆ. ಓದುವವರು ತಪ್ಪಿದರೆ ವೇಗವೂ ತಪ್ಪಿತು. ತ್ರಿವುಡೆ ತಾಳದ ಏಳು ಎಣಿಕೆ ಯಾವ ವೇಗದಲ್ಲೂ ಏಳೇ. ಆದರೆ ಮಾತಿನ ಧಾಟಿಯನ್ನೇ ನೆಚ್ಚಿದ ಭಾವಗೀತೆ ಅರ್ಧ ವೇಗದಲ್ಲಿ ನರಳಾಟವಾಗುತ್ತದೆ. ಅವರ ಗಾಳಿಯೂ ನಮ್ಮದರಂತೆ ಇರಬೇಕಾಗಿಲ್ಲ. ಪಕ್ಕದ ಮಂಗಳದಲ್ಲೇ ತಾರಸ್ವರಗಳು ಮಂದ್ರಕ್ಕಿಂತ ಸೆಕೆಂಡಿಗೆ ಸುಮಾರು 10 ಮೀಟರ್ ಹೆಚ್ಚು ವೇಗದಲ್ಲಿ ಸಾಗುತ್ತವೆ ಎಂದು ಅಲ್ಲಿ ಇಳಿದ ಪರ್ಸಿವರೆನ್ಸ್ ನೌಕೆಯ ಮೈಕಿನಿಂದ ತಿಳಿದಿದೆ. ಅಲ್ಲಿ ದೂರದಿಂದ ಕಛೇರಿ ಕೇಳಿದರೆ ಕೊಳಲು ಮೊದಲು, ಮೃದಂಗ ಆಮೇಲೆ.

ಮೂರನೆಯದು, ಹಿಂದುಮುಂದಾಗಿ ನುಡಿಸುವುದು. ತಟ್ಟೆಯನ್ನು ಯಾವ ಕಡೆಗೆ ತಿರುಗಿಸಬೇಕೆಂದು ಸಂಗೀತವೇ ಹೇಳಬಲ್ಲದು. ಬಡಿದ ಚರ್ಮ ಥಟ್ಟನೆ ಜೋರಾಗಿ ಆಮೇಲೆ ಮೆಲ್ಲ ಇಳಿಯುತ್ತದೆ, ಯಾವ ಗ್ರಹದಲ್ಲಾದರೂ ಹಾಗೆಯೇ. ತಿರುವುಮುರುವು ನುಡಿಸಿದರೆ ಉಬ್ಬುತ್ತಾ ಬಂದು ಕತ್ತರಿಸಿದಂತೆ ನಿಲ್ಲುತ್ತದೆ. ಆದಕಾರಣ ಪಟ್ಟಿಯ ಮೊದಲ ಹತ್ತು ಸೆಕೆಂಡು ಬರಿಯ ಪೆಟ್ಟು ಇಡಿ: ಒಂದು, ಬಿಡುವು, ಎರಡು, ಬಿಡುವು, ಮೂರು, ಬಿಡುವು, ಐದು.

ಕರಾವಳಿಯ ಮೂರು

ಆ ಮೊದಲ ಪೆಟ್ಟಿಗೆ ಮದ್ದಳೆಯಷ್ಟು ಯೋಗ್ಯವಾದದ್ದು ಸಿಗುವುದು ಕಷ್ಟ. ಸಾದಾ ಚರ್ಮವಾದ್ಯದ ಉಪಸ್ವರಗಳು, ಅಂದರೆ ಮೂಲ ಸ್ವರದ ಜತೆಗೇ ಹೊರಡುವ ಮೇಲಿನ ಸ್ವರಗಳು, ಅನುಪಾತಕ್ಕೆ ಸಿಗದೆ ಚೆದುರಿರುತ್ತವೆ. ಮದ್ದಳೆಯ ನಡುವಿನ ಕಪ್ಪು ಕರಣೆ ಮುಚ್ಚಿಗೆಗೆ (ಬಾಯಿಗೆ ಬಿಗಿದ ಚರ್ಮಕ್ಕೆ) ಭಾರ ಕೊಟ್ಟು ಅವನ್ನು 1, 2, 3, 4ರ ಸಾಲಿಗೆ ತರುತ್ತದೆ. ನಮ್ಮ ಮೃದಂಗ, ತಬಲಾಗಳ ಈ ಗುಣವನ್ನು ಸಿ.ವಿ. ರಾಮನ್ 1920ರಲ್ಲೇ ಬರೆದು ತೋರಿಸಿದ್ದರು. ಚರ್ಮಕ್ಕೆ ಕಲಿಸಿ ತಂತಿಯ ಹಾಗೆ ಮಾತಾಡಿಸಿದ್ದಾರೆಂದು ಚಿತ್ರ ನೋಡಿದ ಯಾರಿಗೂ ಗೊತ್ತಾಗುತ್ತದೆ. ಅದರ ಬೆನ್ನಿಗೆ ಚೆಂಡೆ ಬರಲಿ, ಆ ವ್ಯತ್ಯಾಸವೇ ಪಾಠ. ಮದ್ದಳೆ, ಚೆಂಡೆ ಎರಡೂ ಸೇರಿ ಎರಡೂವರೆ ನಿಮಿಷ.

ಎರಡನೆಯದು ಪಾಡ್ದನ, ತುಳುವಿನ ಕಥನ ಹಾಡು. ಒಬ್ಬಾಕೆ ಸಾಲು ಎತ್ತುವುದು, ಉಳಿದವರು ಹಿಡಿದುಕೊಳ್ಳುವುದು, ಮತ್ತೆ ಅದೇ ಕಟ್ಟು. ಒಬ್ಬರಲ್ಲ, ಹಲವರು, ಒಬ್ಬರ ಮಾತನ್ನು ಇನ್ನೊಬ್ಬರು ಕೇಳಿಸಿಕೊಂಡಿದ್ದಾರೆ ಎಂಬುದು ಅರ್ಥ ತಿಳಿಯದೆಯೂ ಕಾಣುತ್ತದೆ. ಕಷ್ಟ ಇರುವುದು ಕತ್ತರಿಸುವಲ್ಲಿ. 1990ರ ಡಿಸೆಂಬರಿನಲ್ಲಿ ಗೋಪಾಲ ನಾಯ್ಕರು ಹಾಡಿ ದಾಖಲಾದ ಸಿರಿ ಪಾಡ್ದನ 15,683 ಸಾಲು. ಕಥೆಯ ‘ಮುಖ್ಯ ಭಾಗ’ ಹುಡುಕಬೇಡಿ, ಅವರಿಗೆ ಕಥೆಯೇ ತಲುಪುವುದಿಲ್ಲ. ಎತ್ತು-ಹಿಡಿತ ಕನಿಷ್ಠ ಆರು ಸಲ ಬರುವ ಎರಡು ನಿಮಿಷ ಸಾಕು. ಮೂರು ಸಲದ ಒಳಗೆ ಕತ್ತರಿಸಿದರೆ ಅದು ಕ್ರಮವೋ ಕಾಕತಾಳೀಯವೋ ತಿಳಿಯದು.

ಮೂರನೆಯದಕ್ಕೆ ಸ್ಯಾಕ್ಸೊಫೋನ್. ಬೆಲ್ಜಿಯಮಿನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಹಕ್ಕುಪತ್ರ ಪಡೆದ ವಾದ್ಯ ಈಗ ನಮ್ಮ ಮದುವೆ ಚಪ್ಪರದ್ದೇ ಆಗಿಬಿಟ್ಟಿದೆ. ಕದ್ರಿ ಗೋಪಾಲನಾಥರು ಅದರಲ್ಲಿ ಗಮಕ ಹೊರಡಿಸಿ ಕಛೇರಿಗೆ ಕೂರಿಸಿದರು. ಯುರೋಪಿನ ಒಂದು ಬ್ಯಾಂಡ್ ತುಣುಕಿನ ಪಕ್ಕ ಇದನ್ನಿಟ್ಟರೆ, ಒಂದೇ ವಾದ್ಯದ ಉಪಸ್ವರಗಳು, ಆದರೆ ಗೆರೆಯ ನಡೆ ಪೂರ್ತಿ ಬೇರೆ. ಮನುಷ್ಯರು ಒಬ್ಬರಿಂದೊಬ್ಬರು ಪಡೆದು ತಮ್ಮದು ಮಾಡಿಕೊಳ್ಳುತ್ತಾರೆ ಎಂಬುದಕ್ಕೆ ಇದಕ್ಕಿಂತ ಸುಲಭದ ಪುರಾವೆ ಸಿಗದು. ಸ್ಯಾಕ್ಸೊಫೋನ್ ಬೇಡವೆಂದರೆ ಕುಡುಬಿ ಸಮುದಾಯದವರ ಹೋಳಿ ಗುಮಟೆ ನೋಡಿ: ಮಣ್ಣಿನ ಮಡಕೆಯ ಬಾಯಿಗೆ ಚರ್ಮ, ಒಳಗಿನ ಗಾಳಿಯ ಗುಂಯ್ ಚಿತ್ರದಲ್ಲಿ ಚೆಂದ ಬರುತ್ತದೆ.

ಭೂತಕೋಲದಲ್ಲಿ ಹಾಡುವ ಸಂಧಿ, ದೈವದ ನುಡಿ ಬೇಡ. ಕೇಳುವವರಿಗೆ ತಿಳಿಯದು ಎಂಬುದು ಕಾರಣವಲ್ಲ. ಅದು ದೈವದ ಮುಂದೆ ಆ ಗಳಿಗೆಗೆ ಸೇರಿದ್ದು. ಕೋಲ ಕಟ್ಟುವವರೂ ಮನೆತನದವರೂ ತಾವಾಗಿ ಒಪ್ಪಿ ಕೊಟ್ಟರೆ ಮಾತ್ರ ಯೋಚಿಸಿ.

ದಾಖಲಿಸುವಾಗ

ಹೊಸದಾಗಿ ದಾಖಲಿಸುವುದಾದರೆ ಡಿಸೆಂಬರಿನಿಂದ ಫೆಬ್ರವರಿ ಒಳಗೆ ಮುಗಿಸಿ. ಮಳೆಗಾಲದಲ್ಲಿ ಮುಚ್ಚಿಗೆ ಥಂಡಿ ಹಿಡಿದು ಶ್ರುತಿ ಇಳಿಯುತ್ತದೆ, ಜತೆಗೆ ಹೆಂಚಿನ ಮೇಲಿನ ಮಳೆ. ಯಕ್ಷಗಾನ ಆಟದ ಬಯಲಿನಲ್ಲಿ ಧ್ವನಿವರ್ಧಕದ ಮಿಕ್ಸರಿನಿಂದ ನೇರ ತಂತಿ ತೆಗೆದುಕೊಳ್ಳಬೇಡಿ: ಭಾಗವತರ ಸ್ವರಕ್ಕೆ ಎಕೋ ಹಾಕಿದ್ದರೆ ಒಂದೊಂದು ಸ್ವರಕ್ಕೂ ಮೂರು ನೆರಳು ಬೀಳುತ್ತದೆ. ಹಿಮ್ಮೇಳವನ್ನು ಒಂದು ಕೋಣೆಗೆ ಕರೆಸಿ. 48 ಕಿಲೋಹರ್ಟ್ಸ್, 24 ಬಿಟ್, ವೇವ್ ಕಡತ. ಮೈಕು ಚೆಂಡೆಗೆ ಮೂರು ಮೀಟರ್ ದೂರ, ಮದ್ದಳೆಗೆ ಒಂದು ಮೀಟರ್. ಅತಿ ಜೋರಿನ ಪೆಟ್ಟಿಗೂ ರೆಕಾರ್ಡರಿನಲ್ಲಿ ಸದ್ದಿನ ಮಟ್ಟ ಮೈನಸ್ 12 ಡೆಸಿಬೆಲ್ ದಾಟದಿರಲಿ. ಮೊಬೈಲಿನಲ್ಲಿ ಮಾಡುವವರು ಸದ್ದು ತಾನಾಗಿ ಏರಿಳಿಸುವ ಸೌಲಭ್ಯ ನಿಲ್ಲಿಸಬೇಕು, ಇಲ್ಲವಾದರೆ ಪೆಟ್ಟಿನ ನಂತರದ ಇಳಿತವೇ ಸಪಾಟಾಗಿ ಮೂರನೇ ಪರೀಕ್ಷೆ ವ್ಯರ್ಥ.

ಇನ್ನೊಂದು ತಮಾಷೆಯ ತಪ್ಪು. ಫ್ಯಾನು, ಟ್ಯೂಬ್‌ಲೈಟು, ಸರಿಯಾಗಿ ಅರ್ಥಿಂಗ್ ಇಲ್ಲದ ಪ್ಲಗ್ಗು, ಇವುಗಳಿಂದ 50, 100, 150 ಹರ್ಟ್ಸ್‌ನಲ್ಲಿ ಸಣ್ಣ ಗುಂಯ್ ಸೇರುತ್ತದೆ. ನಮ್ಮ ಕಿವಿ ಅದನ್ನು ಬಿಟ್ಟುಬಿಡುತ್ತದೆ, ಚಿತ್ರ ಬಿಡುವುದಿಲ್ಲ. ಎಲ್ಲ ತುಣುಕಿನಲ್ಲೂ, ಎಂದೂ ಶ್ರುತಿ ತಪ್ಪದೆ, ಅಚ್ಚುಕಟ್ಟಾದ ಅನುಪಾತದಲ್ಲಿ ನಿಂತಿರುವ ಗೆರೆ ಅದೊಂದೇ. ನೋಡಿದವರು ಇವರ ಮುಖ್ಯ ಸಂಗೀತ ಇದೇ, ಉಳಿದದ್ದು ಪಕ್ಕವಾದ್ಯ ಎಂದುಕೊಂಡಾರು. ರೆಕಾರ್ಡರನ್ನು ಬ್ಯಾಟರಿಯಲ್ಲಿ ನಡೆಸಿ, ಕೋಣೆಯ ಮೈನ್ ಸ್ವಿಚ್ ಇಳಿಸಿ.

ಹಳೆಯ ಮುದ್ರಿಕೆ ಬಳಸುವುದಾದರೆ ಹಕ್ಕು ನೋಡಿ. ಭಾರತದಲ್ಲಿ ಧ್ವನಿಮುದ್ರಿಕೆಗೆ ಪ್ರಕಟವಾದ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಪಾಡ್ದನಕ್ಕೆ ಕವಿ ಇಲ್ಲದಿರಬಹುದು, ಹಾಡಿದಾಕೆಗೆ 50 ವರ್ಷದ ಕಲಾವಿದರ ಹಕ್ಕು ಉಂಟು. ಹೆಸರು, ಊರು, ಒಪ್ಪಿಗೆ ಬರೆದಿಡಿ.

ಜೋಡಿಸುವುದು

ಸರಳದಿಂದ ಸಂಕೀರ್ಣಕ್ಕೆ ಹೋಗಬೇಕು ಎಂದು ಎಲ್ಲರಿಗೂ ತೋರುತ್ತದೆ, ಆದರೆ ಹಾಗೆ ಮಾಡಿದರೆ ಏಕಾಂಗಿ ಹಾಡುಗಳೆಲ್ಲ ಮೊದಲಿಗೇ ಮುಗಿದು ಕೊನೆಯ ಅರ್ಧ ಗಂಟೆ ಬರೀ ಗದ್ದಲವಾಗುತ್ತದೆ. ಜೋಡಿಯಾಗಿ ಕಟ್ಟಿ: ಕೊಳಲಿನ ಪಕ್ಕ ಕೊಳಲು, ಅದು ಬೇರೆ ಖಂಡದ್ದು. ಜೋಡಿಯ ನಡುವೆ ಎರಡು ಸೆಕೆಂಡು, ಜೋಡಿಯಿಂದ ಜೋಡಿಗೆ ಐದು ಸೆಕೆಂಡು ಮೌನ. ಬಿಡುವಿನ ಅಳತೆಯೇ ಯಾವುದು ಯಾವುದರ ಜತೆಗೆಂದು ಹೇಳುತ್ತದೆ. ಕಡಲ ಅಬ್ಬರ, ಕಪ್ಪೆ, ಮಗುವಿನ ಅಳು ಇವೆಲ್ಲ ಬೇಕಾದರೆ ಬೇರೆ ಭಾಗ ಮಾಡಿ. ವಾಯೇಜರಿನಲ್ಲೂ ಸಂಗೀತಕ್ಕೆ ಅವನ್ನು ಬೆರೆಸಲಿಲ್ಲ.

ಕೊನೆಯ ಒಂದು ಜಾಗ ಖಾಲಿ ಬಿಟ್ಟುಕೊಳ್ಳಿ. ಅಲ್ಲಿಗೆ ಬರುವುದಕ್ಕೆ ಮೂರೂ ಪರೀಕ್ಷೆಯಿಂದ ವಿನಾಯಿತಿ. ವಾಯೇಜರ್ ತಟ್ಟೆಯಲ್ಲಿ ಕೊನೆಗೆ ಇರುವುದು ಬೀಥೋವನ್‌ನ ಒಂದು ನಿಧಾನದ ತಂತಿವಾದ್ಯ ರಚನೆ, ಅದಕ್ಕೆ ಮುಂಚೆ ಅಮೆರಿಕದ ಗಾಯಕ ಬ್ಲೈಂಡ್ ವಿಲ್ಲಿ ಜಾನ್ಸನ್‌ನ ಮಾತಿಲ್ಲದ ಗುನುಗು. ಅದಕ್ಕೂ ಮುಂಚೆ ನಮ್ಮ ಭೈರವಿ. ನಿಮ್ಮ ಗುಂಪಿನಲ್ಲಿ ಚರ್ಚೆಯಾಗದೆ ಎಲ್ಲರೂ ಸುಮ್ಮನಾದ ತುಣುಕು ಯಾವುದೋ ಅದನ್ನು ಅಲ್ಲಿಡಿ. ಫೇಡ್‌ಔಟ್ ಹಾಕಬೇಡಿ, ಕೊನೆಯ ಸ್ವರ ತಾನಾಗಿ ಆರುವ ವರೆಗೆ ಕಾಯಿರಿ. ಆ ನಂತರದ ಮೌನವನ್ನು ಹತ್ತು ಸೆಕೆಂಡು ಉಳಿಸಿ, ಸ್ಪೆಕ್ಟ್ರೋಗ್ರಾಮಿನಲ್ಲಿ ಇನ್ನೊಮ್ಮೆ ತೆರೆದು ನೋಡಿ. 50ರ ಗೆರೆ ಇನ್ನೂ ಉಂಟೆಂದರೆ ಪಕ್ಕದ ಕೋಣೆಯ ಫ್ರಿಜ್ಜನ್ನು ಮರೆತಿದ್ದೀರಿ.